ಐದನೆಯ ಕೈ

ಪಡುಬೇಣ ಪಂಚಾಯತಿಯನ್ನು ಹಿರೇಗದ್ದೆ ಪಂಚಾಯತಿಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಅಧ್ಯಕ್ಷೆ ವೈಜಯಂತಿ ದಂಡೆಯ ಮೇಲೆ ಒಣಮೀನು ಮಗುಚಿ ಹಾಕುತ್ತಿದ್ದಳು. ಸುದ್ದಿ ತಂದವನು ಪಿಡಿಓ ಸಾಯಿನಾಥ. ಬೂಟಿನೊಳಗೆ ಮರಳು ಹೋಗದಿರಲೆಂದು ಅವನು ತೆಂಗಿನ ಬುಡದಲ್ಲೇ ನಿಂತಿದ್ದ. ಸರ್ಕಾರದ ಬೊಕ್ಕಸ ಬರಿದಾಗಿದೆ, ಇಷ್ಟು ಸಣ್ಣ ಪಂಚಾಯತಿಗಳನ್ನೆಲ್ಲ ಸಾಕುವುದು ಇನ್ನು ಆಗದು, ಅಕ್ಕಪಕ್ಕದವನ್ನು ಒಂದು ಮಾಡಿ ಖರ್ಚು ಇಳಿಸಿ ಎಂದು ಮೇಲಿನವರು ಹೇಳಿದ್ದಾರೆ ಅಂದ.

"ನಮ್ಮನ್ನ ಕೇಳ್ತ್ರಾ, ಇಲ್ಲ ನಮ್ಗೆ ಹೇಳ್ತ್ರಾ?" ವೈಜಯಂತಿ ಕೇಳಿದಳು.

"ಕೇಳ್ತಾರೆ ಬಾಯಿ," ಅಂದ. ಊರವರ ಹಾಗೆ ಅವನೂ ಅವಳನ್ನು ಗೌರವಕ್ಕೆ ಬಾಯಿ ಎಂದೇ ಕರೆಯುತ್ತಿದ್ದ. "ಸಭೆಯಲ್ಲಿ ಠರಾವು ಆಗಬೇಕು."

"ಬೇಡ ಅಂದ್ರೆ?"

ಸಾಯಿನಾಥ ಸಮುದ್ರದ ಕಡೆ ನೋಡಿದ. "ಬೇಡ ಅನ್ನಬಹುದು. ಆಮೇಲೆ ಅನುದಾನ ಬರೋದು ಕಷ್ಟ."

ವೈಜಯಂತಿ ಬಗ್ಗಿ ಉಳಿದ ಸಾಲನ್ನೂ ಮಗುಚಿದಳು. ಕಾಗೆ ಓಡಿಸಲು ಕಟ್ಟಿದ್ದ ಹಳೆಯ ಬಲೆಯನ್ನು ಸರಿಮಾಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಸಿಟ್ಟೋ ದುಃಖವೋ ಏನಾದರೂ ಬರುತ್ತದೇನೋ ಎಂದು ಒಂದು ಗಳಿಗೆ ಕಾದಳು. ಏನೂ ಬರಲಿಲ್ಲ.

ಅಂಕೋಲೆಯಿಂದ ಬೆಳಂಬಾರ ದಾಟಿ ಇನ್ನಷ್ಟು ಮುಂದೆ ಹೋದರೆ ಪಡುಬೇಣ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ದಂಡೆಗೆ ಮೀನುಗಾರರ ಮನೆಗಳು, ಒಳಗಡೆ ಗದ್ದೆ ಕೆಲಸಕ್ಕೂ ಕೂಲಿಗೂ ಹೋಗುವವರ ಮನೆಗಳು. ಹಿಂದೆ ಊರು ಹಿರೇಗದ್ದೆ ಪಂಚಾಯತಿಯಲ್ಲೇ ಇತ್ತು. ಮಳೆಗಾಲದಲ್ಲಿ ಭರತ ಬಂದು ಸಮುದ್ರ ಉಕ್ಕಿದರೆ ನಡುವಿನ ರಸ್ತೆ ಮುಳುಗುತ್ತದೆ, ರೇಶನ್ ಕಾರ್ಡಿಗೂ ದಾಖಲೆಗೂ ನೀರಿನಲ್ಲಿ ಇಳಿದು ಹೋಗಬೇಕಾಗುತ್ತದೆ ಎಂದು ಊರವರು ವರ್ಷಗಟ್ಟಲೆ ಬೇಡಿಕೊಂಡ ಮೇಲೆ ಬೇರೆ ಪಂಚಾಯತಿ ಆಗಿತ್ತು. ಸದಸ್ಯರು ಐದೇ ಮಂದಿ.

ಆ ಐವರಲ್ಲಿ ಒಬ್ಬಳಾಗುವ ಆಸೆ ವೈಜಯಂತಿಗೆ ಎಂದೂ ಇರಲಿಲ್ಲ. ಅವಳ ಗಂಡ ಮಂಗೇಶ ಕಾರವಾರದ ಬೈತಖೋಲ ಬಂದರಿನಿಂದ ಮೀನುಗಾರಿಕೆಯ ಟ್ರಾಲರಿನಲ್ಲಿ ಹೋದವನು ಬಿರುಗಾಳಿಯಲ್ಲಿ ಹಿಂತಿರುಗಿರಲಿಲ್ಲ. ಹೆಣ ಸಿಕ್ಕಿತು, ಕ್ರಿಯೆಯೂ ಆಯಿತು. ಅದಾದ ಮೇಲೆ ಅವಳು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವುದನ್ನೂ ಬಿಟ್ಟು, ಮಾತು ಕಡಿಮೆ ಮಾಡಿ ಒಲೆಯ ಮುಂದೆ ಕುಳಿತುಬಿಟ್ಟಳು. ಮಕ್ಕಳಿರಲಿಲ್ಲ. ಹಾಗೆ ಕುಳಿತವಳನ್ನು ಎಬ್ಬಿಸಿದವನು ಮೈದುನ ರೋಷನ. ಪಂಚಾಯತಿಯ ವಾಟರ್‌ಮನ್ ಆಗಿ ಊರಿಗೆಲ್ಲ ನೀರು ಬಿಡುತ್ತಿದ್ದ ಅವನಿಗೆ ಪ್ರತಿ ಮನೆಯ ಪರಿಚಯ. ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲಾದಾಗ, "ನಿಲ್ಲು ವೈನಿ. ಗೆಲ್ಲೂದು ಬಿಡೂದು ಮತ್ತೆ. ನಾಲ್ಕು ಜನರ ಸಂಗಡ ಮಾತಾದ್ರೂ ಆಡ್ತಿ," ಎಂದು ಮನೆಮನೆಗೆ ಕರೆದುಕೊಂಡು ಹೋಗಿದ್ದ. ಅವಳು ಅಂಗಳದಲ್ಲಿ ಕೈಮುಗಿದು ನಿಲ್ಲುತ್ತಿದ್ದಳು. ಮಾತೆಲ್ಲ ಅವನೇ ಆಡುತ್ತಿದ್ದ.

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಸಾಯಿನಾಥ ಹೇಳಿದ್ದನ್ನು ಹೇಳಿದಳು. ರೋಷನನ ಹೆಂಡತಿ ನೀತಾ ಸಾರು ಬಡಿಸುತ್ತಿದ್ದವಳು ಹಾಗೆಯೇ ನಿಂತಳು.

"ಬೇಡ ಹೇಳಿ ಹೇಳು ವೈನಿ," ರೋಷನ ಅಂದ. "ಮೊದ್ಲು ಅವ್ರ ಕೈಯಾಗೇ ಇದ್ವಲ್ಲ. ಆಗ ನಳದ ನೀರು ಎಲ್ಲಿವರೆಗೆ ಬರ್ತಿತ್ತು? ಅವ್ರ ಗದ್ದೆ ದಾಟ್ತಿರ್ಲಿಲ್ಲ."

"ನಿಂಗೆ ಪಗಾರ ಆಗಿ ಎಷ್ಟು ಕಾಲ ಆಯ್ತು?"

ರೋಷನ ಅನ್ನ ಕಲಸಿದ. ಉತ್ತರ ಕೊಟ್ಟವಳು ನೀತಾ. "ಮಳೆ ಹಿಡಿಯೂಕೆ ಮುಂಚೆ ಆದದ್ದು ಅಕ್ಕಾ."

"ಬರ್ತದೆ," ಅಂದ ರೋಷನ. "ಇವತ್ತಲ್ಲ ನಾಳೆ ಬರ್ತದೆ. ಪಂಚಾಯತಿ ಹೋದ್ರೆ ಮತ್ತೆ ಬರೂದಿಲ್ಲ."

ಆದರೆ ನಾಳೆ ಬಂದದ್ದು ಪಗಾರವಲ್ಲ. ಪಂಪಿನ ಕರೆಂಟು ಬಿಲ್ಲು ಕಟ್ಟಲು ಪಂಚಾಯತಿಯಲ್ಲಿ ಹಣವಿರಲಿಲ್ಲ, ಲೈನ್ ಕಡಿದರು. ಹೆಂಗಸರು ಕೊಡ ಹಿಡಿದು ಗದ್ದೆಯಾಚೆಯ ಬಾವಿಗೆ ನಡೆದರು, ಬರುವಾಗ ಅಧ್ಯಕ್ಷೆಯ ಅಂಗಳದಲ್ಲಿ ಕೊಡ ಇಳಿಸಿ ದಣಿವಾರಿಸಿಕೊಂಡರು. ಯಾರೂ ಬೈಯಲಿಲ್ಲ. ಗಂಡ ಸತ್ತವಳು, ಪಾಪ, ಇವಳಾದರೂ ಏನು ಮಾಡಿಯಾಳು ಎನ್ನುವ ಹಾಗೆ ಅವಳನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ವೈಜಯಂತಿ ಒಳಗೆ ಹೋಗಿ ಅವರಿಗೆ ಕುಡಿಯಲು ಮಜ್ಜಿಗೆ ತಂದಿಟ್ಟಳು.

ಸಭೆಯ ಹಿಂದಿನ ದಿನ ಅವಳು ಸಾಯಿನಾಥನನ್ನು ಕೇಳಿದಳು. "ಸೇರಿಸಿದ್ರೆ ಕೆಲಸದವ್ರ ಗತಿ ಎಂತದ್ದು?"

"ಎಲ್ಲರನ್ನೂ ಹಿರೇಗದ್ದೆಯವರು ತಗೊಳ್ತಾರೆ. ನಿಂತ ಪಗಾರಾನೂ ಅವರೇ ಕೊಡಬೇಕು. ಹಾಗಂತ ಮೇಲಿಂದ ಹೇಳಿದ್ದಾರೆ."

"ರೋಷನನ್ನೂ?"

"ಎಲ್ಲರನ್ನೂ ಅಂದೆನಲ್ಲ ಬಾಯಿ."

ಸಭೆ ಪಂಚಾಯತಿಯ ಕೋಣೆಯಲ್ಲಿ ಸೇರಿತು. ಫ್ಯಾನು ತಿರುಗಲಿಲ್ಲ, ಕಿಟಕಿ ತೆಗೆದಿದ್ದರು. ಹಿರಿಯ ಸದಸ್ಯ ಜಟ್ಟಿ ಗದ್ದೆಯಿಂದ ನೇರವಾಗಿ ಬಂದಿದ್ದ, ಮೊಣಕಾಲಿನವರೆಗೆ ಕೆಸರು ಒಣಗಿತ್ತು. ಬೇರೆ ಪಂಚಾಯತಿ ಬೇಕೆಂದು ಅಂಕೋಲೆಗೆ ನಡೆದುಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದವರಲ್ಲಿ ಅವನೂ ಒಬ್ಬ.

"ತಂಗೀ," ಅಂದ ಅವನು, "ಬಡವ ಆದೆ ಹೇಳಿ ಮನೆ ಬಾಗ್ಲು ಕಿತ್ತು ಸೌದೆ ಮಾಡ್ತ್ರಾ?"

ಸಾಯಿನಾಥ ಠರಾವು ಓದಿದ. ಸೇರಬೇಕು ಎಂದು ಇಬ್ಬರು ಕೈ ಎತ್ತಿದರು. ಜಟ್ಟಿಯೂ ಅವನ ಪಕ್ಕದವನೂ ಕೈಕಟ್ಟಿ ಕುಳಿತರು. ಎಲ್ಲರೂ ವೈಜಯಂತಿಯ ಕಡೆ ತಿರುಗಿದರು.

ಕಿಟಕಿಯಾಚೆ ರೋಷನ ಪಂಪ್‌ಹೌಸಿನ ಕಟ್ಟೆಯ ಮೇಲೆ ಕುಳಿತಿದ್ದ. ಕರೆಂಟಿಲ್ಲದ ಪಂಪಿನ ಹತ್ತಿರ ಅವನಿಗೆ ಕೆಲಸವೇನೂ ಇರಲಿಲ್ಲ. ಆದರೂ ದಿನಾ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತಿರುತ್ತಿದ್ದ. ಅವನ ಅಂಗಿಯ ಬೆನ್ನು ಹರಿದದ್ದು ಅವಳಿಗೆ ಕಂಡಿತು. ನೀತಾ ಅದನ್ನು ಒಮ್ಮೆ ಹೊಲಿದಿದ್ದಳು, ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿದಿತ್ತು. ವೈಜಯಂತಿ ಕೈ ಎತ್ತಿದಳು.

ಜಟ್ಟಿ ಎದ್ದು ಟವಲು ಹೆಗಲಿಗೆ ಹಾಕಿಕೊಂಡ. "ಆಯ್ತು," ಅಂದ. ಅಷ್ಟೇ. ಗದ್ದೆಗೆ ಹೋದ.

ಮನೆಯಲ್ಲಿ ಅವಳೇ ಬಾಯಿಬಿಟ್ಟಳು. "ನಾ ಕೈ ಎತ್ತಿದೆ."

"ಕಿಟಕಿಯಾಗೆ ಕಾಣಿಸ್ತು," ಅಂದ ರೋಷನ.

ದೀಪಾವಳಿ ಕಳೆದ ಮೇಲೆ ಆದೇಶ ಬಂತು. ಹಿರೇಗದ್ದೆಯಿಂದ ಒಂದು ಟೆಂಪೋ ಬಂದು ಕಪಾಟು, ಕುರ್ಚಿ, ಕಂಪ್ಯೂಟರು ತುಂಬಿಕೊಂಡು ಹೋಯಿತು. ಊರವರು ಬಾಗಿಲಲ್ಲಿ ನಿಂತು ನೋಡಿದರು, ಕೆಲವರು ಕಪಾಟಿಗೆ ಕೈಯನ್ನೂ ಕೊಟ್ಟರು. ಒಂದು ವಾರ ಬಿಟ್ಟು ಕೆಲಸದವರನ್ನು ಹಿರೇಗದ್ದೆಗೆ ಕರೆದರು. ಗುಡಿಸುವ ಇಬ್ಬರು ಹೆಂಗಸರನ್ನು ತೆಗೆದುಕೊಂಡರು. ರೋಷನನನ್ನು ತೆಗೆದುಕೊಳ್ಳಲಿಲ್ಲ. ಅವನ ನೇಮಕಕ್ಕೆ ಮೇಲಿನಿಂದ ಮಂಜೂರಾತಿ ಇಲ್ಲ, ಪಂಚಾಯತಿ ತಾನೇ ಇಟ್ಟುಕೊಂಡದ್ದು, ಆ ಪಂಚಾಯತಿಯೇ ಈಗಿಲ್ಲ, ಅಲ್ಲದೆ ಹಿರೇಗದ್ದೆಯಲ್ಲಿ ವಾಟರ್‌ಮನ್ ಇದ್ದಾನೆ, ಅವನೇ ಬೈಕಿನಲ್ಲಿ ಬಂದು ಎರಡೂ ಕಡೆ ನೋಡಿಕೊಳ್ಳುತ್ತಾನೆ ಎಂದರು.

ರೋಷನ ಮನೆಗೆ ಬಂದು ಪಂಪ್‌ಹೌಸಿನ ಕೀಲಿ ಯಾರಿಗೆ ಕೊಟ್ಟೆ ಎಂಬುದನ್ನಷ್ಟೇ ಹೇಳಿದ. ನೀತಾ ಹಿತ್ತಲಿಗೆ ಹೋಗಿ ಅತ್ತದ್ದು ಕೇಳಿಸಿತು. ವೈಜಯಂತಿ ಅಕ್ಕಿ ತೊಳೆದು ಒಲೆಗೆ ಇಟ್ಟಳು. ಅವನು ಜಗಳ ಆಡುತ್ತಾನೆ ಎಂದು ಅವಳು ಆ ದಿನ ಕಾದಳು, ಮಾರನೆಯ ದಿನವೂ ಕಾದಳು. ಮೊದಲಿನ ಹಾಗೆಯೇ ಅವನು "ವೈನಿ, ಚಾ ಇದ್ಯಾ?" ಎಂದು ಕೇಳುತ್ತಿದ್ದ. ಕೊಟ್ಟರೆ ಕುಡಿಯುತ್ತಿದ್ದ. ಮನೆಯಲ್ಲಿ ಮೂವರೂ ಪಾತ್ರೆಗಳ ಸದ್ದಾಗದ ಹಾಗೆ ಓಡಾಡತೊಡಗಿದರು.

ಸಾಯಿನಾಥನಿಗೆ ಅಂಕೋಲೆಯ ಕಚೇರಿಗೆ ವರ್ಗವಾಗಿತ್ತು. ವೈಜಯಂತಿ ಹೋಗಿ ಅವನ ಮೇಜಿನ ಮುಂದೆ ನಿಂತಳು. ಅವನು ಎದ್ದು ಕುರ್ಚಿ ತೋರಿಸಿದ.

"ಎಲ್ಲರನ್ನೂ ತಗೊಳ್ತ್ರು ಹೇಳಿ ಹೇಳಿದ್ರಿ."

"ನನಗೂ ಹಾಗೇ ಹೇಳಿದ್ದರು ಬಾಯಿ." ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. "ಕಾರವಾರಕ್ಕೆ ಹೋಗಿ ಕೇಳಿ ನೋಡಿ. ನಾನು ಕೇಳಿದೆ, ಆಗಲಿಲ್ಲ."

ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಸುಳ್ಳಾಗಿದ್ದರೆ ಹಿಡಿಯಲು ಏನಾದರೂ ಸಿಗುತ್ತಿತ್ತು.

ಅವಳು ಕಾರವಾರಕ್ಕೆ ಹೋಗಲು ಹೊರಡುವ ಹೊತ್ತಿಗೆ ರೋಷನ ಬೈತಖೋಲದಲ್ಲಿ ಕೆಲಸ ಹಿಡಿದಿದ್ದ. ಮೀನು ಕೆಡದಂತೆ ಟ್ರಾಲರುಗಳಿಗೆ ಬರ್ಫು ಹಾಕುವುದು, ಮೀನಿನ ಕ್ರೇಟು ಇಳಿಸುವುದು. ದಿನಾ ಪಡುಬೇಣದಿಂದ ಹೋಗಿಬರುವುದು ಆಗದೆಂದು ಅವನೂ ನೀತಾಳೂ ಕದ್ವಾಡದಲ್ಲಿ ನೀತಾಳ ತವರಿನ ಹಿಂಬದಿಯ ಕೋಣೆಗೆ ಹೋದರು. ಹೊರಡುವ ದಿನ ನೀತಾ ಓರಗಿತ್ತಿಯ ಕಾಲಿಗೆ ಬಿದ್ದಳು. "ಸಿಟ್ಟಿಂದ ಹೋಗೂದಲ್ಲ ಅಕ್ಕಾ," ಅಂದಳು. ವೈಜಯಂತಿ ಅವಳ ತಲೆಯ ಮೇಲೆ ಕೈಯಿಟ್ಟಳು. ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೂ ಅಂಗಳದಲ್ಲಿ ನಿಂತಿದ್ದವಳು, ಕೋಳಿ ಒಳಗೆ ನುಗ್ಗಿದ್ದನ್ನು ನೋಡಿ ಅಟ್ಟಲು ಹೋದಳು.

ಕಾರವಾರದ ಕಚೇರಿಯಲ್ಲಿ ಅವಳನ್ನು ಬಹಳ ಹೊತ್ತು ಕೂರಿಸಿದರು. ಕೊನೆಗೆ ಒಳಗೆ ಕರೆದ ಅಧಿಕಾರಿ ತರುಣಿ, ಮೃದುವಾಗಿ ಮಾತಾಡುವವಳು. ಎಲ್ಲವನ್ನೂ ಕೇಳಿಸಿಕೊಂಡಳು.

"ನೀವು ಯಾವ ಪಂಚಾಯತಿಯವರು?"

"ಪಡುಬೇಣ. ಅಧ್ಯಕ್ಷೆ."

"ಅದು ಈಗ ಹಿರೇಗದ್ದೆ ಅಲ್ಲವಾ? ಅಲ್ಲಿನ ಅಧ್ಯಕ್ಷರ ಮೂಲಕ ಅರ್ಜಿ ಬರಬೇಕು ಅಮ್ಮಾ. ಬಂದರೂ ಹೊಸದಾಗಿ ಯಾರನ್ನೂ ತಗೊಳ್ಳುವ ಹಾಗಿಲ್ಲ. ನಮ್ಮಲ್ಲೇ ಎಷ್ಟೋ ಕುರ್ಚಿ ಖಾಲಿ ಇವೆ, ನೋಡಿ."

ವೈಜಯಂತಿ ತಿರುಗಿ ನೋಡಿದಳು. ಹೌದು, ಕುರ್ಚಿಗಳು ಖಾಲಿ ಇದ್ದವು. ಸರಿ ಅಂದು ಕೈಮುಗಿದು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಈಗಲಾದರೂ ಅಳು ಬರಬೇಕಿತ್ತಲ್ಲ ಅನ್ನಿಸಿತು. ಮಂಗೇಶನ ಹೆಣ ಅಂಗಳಕ್ಕೆ ತಂದ ದಿನವೂ ಹೀಗೇ ಆಗಿತ್ತು. ಆಗ ಊರ ಹೆಂಗಸರು ಅವಳ ಬೆನ್ನು ತಟ್ಟಿ ತಟ್ಟಿ, ಅಳು ಮಗಾ ಅಳು ಎಂದಿದ್ದರು.

ಅಲ್ಲಿಂದ ಅವಳು ಬೈತಖೋಲಕ್ಕೆ ಹೋದಳು. ಮೀನಿನ ಲಿಲಾವು ಮುಗಿದಿತ್ತು, ಬಂದರಿನ ಕಟ್ಟೆಯ ಮೇಲೆ ನೀರು ಹೊಡೆದು ತೊಳೆಯುತ್ತಿದ್ದರು. ಮಂಗೇಶ ಸತ್ತ ಮೇಲೆ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಟ್ರಾಲರುಗಳ ಸಾಲನ್ನು ನೋಡಿದರೆ ಎದೆ ಒಡೆಯುತ್ತದೆ ಎಂದುಕೊಂಡಿದ್ದಳು. ಅವು ಬಣ್ಣ ಹಚ್ಚಿದ ಬೋಟುಗಳಾಗಿ ಮಾತ್ರ ಕಂಡವು.

ರೋಷನ ಗಾಡಿಯಲ್ಲಿ ಬರ್ಫಿನ ಪೆಟ್ಟಿಗೆ ತಳ್ಳುತ್ತಿದ್ದ. ಅವಳನ್ನು ಕಂಡು ಗಾಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ. ಕೈಗಳು ಕೆಂಪಗೆ ಬಿರಿದಿದ್ದವು.

"ಉಂಡ್ಯಾ ವೈನಿ?"

"ಇಲ್ಲ."

ಚಾದಂಗಡಿಯ ಬೆಂಚಿನಲ್ಲಿ ಕೂರಿಸಿ ಬನ್ನು, ಚಾ ತರಿಸಿದ. ವೈಜಯಂತಿ ಕಾರವಾರದ ಕಚೇರಿಯಲ್ಲಿ ಆದದ್ದನ್ನು ಹೇಳಿದಳು. ಅವನು ತಲೆಯಾಡಿಸಿದ, ಯಾರದೋ ಊರಿನ ಸುದ್ದಿ ಕೇಳಿದ ಹಾಗೆ.

"ನಿನ್ನ ಸಲುವಾಗಿ ಕೈ ಎತ್ತಿದ್ದೆ ನಾನು."

"ಗೊತ್ತದೆ."

"ಗೊತ್ತದ್ಯಾ?"

"ಮತ್ತೆ ಯಾರ ಸಲುವಾಗಿ ಎತ್ತೂದು ನೀನು?" ಅವನು ಚಾದಲ್ಲಿ ಬನ್ನು ಅದ್ದಿದ. "ಎತ್ತದೇ ಇದ್ರೂ ಸೇರಿಸ್ತಿದ್ರು ವೈನಿ. ಒಂದು ವರ್ಷ ತಡ ಆಗ್ತಿತ್ತು ಅಷ್ಟೇ. ಆ ಒಂದು ವರ್ಷ ಮನೆಯಾಗೇ ಇರ್ತಿದ್ವು ನಾವು."

"ಸಿಟ್ಟು ಬರ್ಲಿಲ್ವಾ?"

"ಬಂದಿತ್ತು. ಇಲ್ಲಿ ಅದಕ್ಕೆಲ್ಲ ಪುರಸೊತ್ತಿಲ್ಲ."

ಅವಳು ಬನ್ನು ಪೂರ್ತಿ ತಿಂದಳು. ಹಸಿವು ಅಷ್ಟಿತ್ತೆಂದು ತಿನ್ನುವಾಗಲೇ ತಿಳಿದದ್ದು.

"ಮನೆಗೆ ಬಂದು ಹೋಗು. ನೀತಾನ್ನ ಕರ್ಕೊಂಡು."

"ಬತ್ತೆ. ಹಬ್ಬಕ್ಕೆ ಬತ್ತೆ."

ಯಾವ ಹಬ್ಬ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೊರಡುವಾಗ ಅವನು ಓಡಿಹೋಗಿ ಒಂದು ಚೀಲ ಬಂಗಡೆ ತಂದುಕೊಟ್ಟ. ನಡುವೆ ಬರ್ಫಿನ ಚೂರು ಹಾಕಿದ್ದ. "ಮನೆಗೆ," ಅಂದು ತಿರುಗಿ ಗಾಡಿಯ ಕಡೆಗೆ ಹೋದ.

ಬಸ್ಸು ಘಟ್ಟ ಇಳಿದು ಅಮದಳ್ಳಿ, ತೋಡೂರು ದಾಟುವಾಗ ಚೀಲದಿಂದ ನೀರು ತೊಟ್ಟಿಕ್ಕಿ ಅವಳ ಕಾಲು ತಣ್ಣಗಾಯಿತು. ಅಷ್ಟು ಮೀನು ಮನೆಗೆ ಒಯ್ದು ಏನು ಮಾಡುವುದು? ಒಬ್ಬಳಿಗೆ ಎರಡು ಸಾಕು. ಅಕ್ಕಪಕ್ಕದವರಿಗೆ ಕೊಟ್ಟರೆ, ಎಲ್ಲಿಯದು, ರೋಷನ ಹೇಗಿದ್ದಾನೆ ಎಂದು ಮನೆಮನೆಯಲ್ಲಿ ಹೇಳಬೇಕು. ಅಂಕೋಲೆಯಲ್ಲಿ ಇಳಿದವಳು ಪಡುಬೇಣದ ಬಸ್ಸಿನ ಕಡೆ ಹೋಗದೆ ಮೀನುಪೇಟೆಗೆ ನಡೆದಳು.

ಅವಳ ಜೊತೆ ಹಿಂದೆ ಮಾರುತ್ತಿದ್ದ ಜಾನಕಿ ತನ್ನ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. "ಅಧ್ಯಕ್ಷರು ಬಂದ್ರು," ಅಂದಳು, ಕುಹಕವಿಲ್ಲದೆ.

"ಅದು ಮುಗೀತು," ಅಂದಳು ವೈಜಯಂತಿ. ಜಾನಕಿಯಿಂದ ಒಂದು ಹಲಗೆ ಕೇಳಿ ತೆಗೆದುಕೊಂಡು ಬಂಗಡೆ ಜೋಡಿಸಿದಳು.

ಒಬ್ಬ ಗಿರಾಕಿ ನಿಂತ. "ನಿನ್ನೇದಲ್ವಾ?"

"ಇವತ್ತಿಂದು. ಬೈತಖೋಲದ್ದು." ಕಿವಿರು ಎತ್ತಿ ಕೆಂಪು ತೋರಿಸಿದಳು. ಅವನು ಚೌಕಾಸಿಗಿಳಿದ. ಅವಳು ಒಪ್ಪಲಿಲ್ಲ. ಅವನು ಎರಡು ಹೆಜ್ಜೆ ಹೋಗಿ ತಿರುಗಿ ಬರುತ್ತಾನೆಂದು ಅವಳಿಗೆ ಗೊತ್ತಿತ್ತು, ಬಂದ. ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಪೇಟೆಯ ಗದ್ದಲದಲ್ಲಿ ತನ್ನ ಧ್ವನಿ ಹಿಂದಿನ ಹಾಗೆಯೇ ದೊಡ್ಡದಾಗಿ, ಸರಾಗವಾಗಿ ಹೊರಡುತ್ತಿರುವುದು ಅವಳಿಗೇ ಕೇಳಿಸಿತು. ಕೊನೆಯ ಎರಡು ಮೀನನ್ನು ಜಾನಕಿ ತನಗೇ ಬೇಕೆಂದಳು. ವೈಜಯಂತಿ ಕೊಟ್ಟುಬಿಟ್ಟು, ಹಲಗೆಯನ್ನು ತೊಳೆದು ಗೋಡೆಗೆ ಒರಗಿಸಿ, ಬಸ್ಸಿಗೆ ಹೋದಳು.