ಮಸ್ಕಿಯ ಮೇಲೆ ಹಾದುಹೋದದ್ದು

ಗದ್ದೆಮ್ಮ ಮಸ್ಕಿ ಬಿಟ್ಟು ಮುಂಬಯಿ ಸೇರಿ ಮೂರು ವರ್ಷವಾಗಿತ್ತು. ಧಾರವಾಡ ಕಡೆಯ ಸಾಹೇಬರೊಬ್ಬರ ಮನೆಯಲ್ಲಿ ಕೂಸು ಆಡಿಸುವ ಕೆಲಸ. ಒಂದು ದಿನ ಗಿರಣಿಯಲ್ಲಿ ದುಡಿಯುತ್ತಿದ್ದ ಅವಳೂರಿನ ಲಾಲಪ್ಪ ಬಾಗಿಲಿಗೆ ಬಂದ.

“ಊರಿಗೆ ಹೋಗಿದ್ದೆ ಯಕ್ಕಾ. ನಿನ್ನ ಮಗಳಿಗೆ ದಿನ ತುಂಬ್ಯಾವ. ಕೈಕಾಲು ಬಾತಾವ. ಅವ್ವ ಬರಲಿ ಅಂತ ಅಳಾಕತ್ತಾಳ.”

ಅಮರಮ್ಮ ಅವಳಿಗೆ ಒಬ್ಬಳೇ ಮಗಳು. ಗದ್ದೆಮ್ಮ ಅಂದೇ ರಜೆ ಕೇಳಿದಳು. ಆದರೆ ಸಾಹೇಬರಿಗೆ ಮದರಾಸಿಗೆ ವರ್ಗವಾಗಿತ್ತು.

“ಕೂಸು ನಿನ್ನ ಬಿಟ್ಟು ಇರೂದಿಲ್ಲ,” ಎಂದರು ಸಾಹೇಬರ ಹೆಂಡತಿ, ಬಾಯಿಯವರು. “ವಿಮಾನದಾಗ ಮದರಾಸು ನಾಕು ತಾಸಿನ ದಾರಿ. ಮುಟ್ಟಿದ ಮರುದಿನ ನಿನ್ನ ರಾಯಚೂರು ರೈಲಿಗೆ ಹತ್ತಸ್ತೀವಿ.”

ವಿಮಾನದಲ್ಲಿ ಅವಳ ಸೊಂಟಕ್ಕೆ ಪಟ್ಟಿ ಬಿಗಿದರು. ಕೂಸು ತೊಡೆಯ ಮೇಲೆ ನಿದ್ದೆಹೋಯಿತು. ಕಿವಿ ಕಿವುಡಾಗುವ ಸದ್ದು. ಎಷ್ಟೋ ಹೊತ್ತಿನ ಮೇಲೆ ಸಾಹೇಬರು ಕಿಟಕಿಯತ್ತ ಬೆರಳು ತೋರಿದರು.

“ಕೃಷ್ಣಾ ದಾಟಿದಿವಿ. ನಿಜಾಮರ ಸೀಮಿ ಇದು. ನಿಮ್ಮ ಲಿಂಗಸುಗೂರು, ಮಸ್ಕಿ ಇಲ್ಲೇ ಕೆಳಗ ಇರಬೇಕು.”

ಎರೆಹೊಲಗಳ ನಡುವೆ ಒಂದಿಷ್ಟು ಕಲ್ಲುಗುಡ್ಡ ಕಂಡಿತು.

“ಇಲ್ಲಿಂದ ಎಷ್ಟು ದೂರ ರೀ?”

“ನೆಟ್ಟಗ ಕೆಳಗ ಅಂದರ ಒಂದೂವರೆ ಮೈಲಿ.”

“ಒಂದೀಟು ಇಳಸಾಕ ಬರೂದಿಲ್ಲೇನ್ರೀ?”

ಸಾಹೇಬರು ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. “ಇದು ನಡುವ ಎಲ್ಲೂ ಇಳಿಯೂದಿಲ್ಲ, ಗದ್ದೆಮ್ಮ.”

ಎದ್ದರೆ ಕೂಸು ಏಳುತ್ತದೆ. ಎದ್ದು ಹೋಗುವುದಾದರೂ ಎಲ್ಲಿಗೆ? ಅವಳು ಗಾಜಿಗೆ ಹಣೆಯೊತ್ತಿ ಕೂತಳು. ಗುಡ್ಡ ರೆಕ್ಕೆಯಡಿ ಸರಿದುಹೋಯಿತು.

ಮದರಾಸಿನಲ್ಲಿ ಮರುದಿನ ಯಾರೂ ರೈಲಿನ ಮಾತೆತ್ತಲಿಲ್ಲ. ಬೇರೆ ಆಯಾ ಸಿಗುವವರೆಗೆ ತಡಿ ಎಂದರು. ಸಂಬಳ ಅವರ ಕೈಯಲ್ಲೇ ಇತ್ತು. ಗೇಟಿನ ಕಾವಲುಗಾರನ ಭಾಷೆ ಅವಳಿಗೆ ತಿಳಿಯದು, ಅವಳದು ಅವನಿಗೆ ತಿಳಿಯದು. ರಾತ್ರಿ ಕೂಸು ಅತ್ತಾಗಲೆಲ್ಲ ಎತ್ತಿಕೊಂಡು ತಿರುಗಾಡುವಳು. ಕಿವಿಯಲ್ಲಿ ಮಾತ್ರ ಅಮರಮ್ಮನ ದನಿ.

ವಾರ ಕಳೆಯಿತು. ಒಂದು ಬೆಳಿಗ್ಗೆ ಅವಳು ಕೂಸಿಗೆ ಹಾಲು ಕುಡಿಸಿ, ಬಾಯಿಯವರ ಮಡಿಲಿಗೆ ಹಾಕಿದಳು.

“ನಿಮ್ಮ ಕೂಸು ಹುಷಾರೈತ್ರೀ. ನಾ ಹೊಂಟೆ.”

ಬಾಯಿಯವರು ಕೂಗುತ್ತಲೇ ಇದ್ದರು. ಅವಳು ತಿರುಗಿ ನೋಡಲಿಲ್ಲ. ಕೈಯ ಬೆಳ್ಳಿ ಕಡಗ ಮಾರಿ ಟಿಕೀಟು ತೆಗೆದಳು. ರಾಯಚೂರಿನಿಂದ ಲಿಂಗಸುಗೂರಿಗೆ ಮೋಟಾರು, ಅಲ್ಲಿಂದ ಹತ್ತಿ ಹೇರಿದ ಬಂಡಿ.

ಮನೆಯಲ್ಲಿ ಅಮರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂಸಿರಲಿಲ್ಲ. ಗಂಡು ಹುಟ್ಟಿ, ಉಸಿರಾಡದೆ ಹೋಯಿತು ಎಂದು ನೆರೆಮನೆಯ ಮೆಹಬೂಬ್‌ಬೀ ಮೆಲ್ಲಗೆ ಹೇಳಿದಳು.

“ಎಲ್ಲಿದ್ದಿ ಯವ್ವಾ?” ಎಂದಳು ಮಗಳು.

ಗದ್ದೆಮ್ಮ ಅವಳನ್ನು ತನ್ನ ಕಡೆ ಹೊರಳಿಸಿಕೊಂಡಳು. ಮಗಳ ಕುಪ್ಪಸ ಹಾಲಿನಿಂದ ತೊಯ್ದಿತ್ತು, ಎದೆ ಕಲ್ಲಿನಂತೆ ಬಿಗಿದಿತ್ತು. ಗದ್ದೆಮ್ಮ ಒಲೆ ಹೊತ್ತಿಸಿ ನೀರಿಟ್ಟಳು. ಬಟ್ಟೆ ಅದ್ದಿ, ಹಿಂಡಿ, ಮಗಳ ಎದೆಗೆ ಶಾಖ ಕೊಡುತ್ತ ಕೂತಳು.