ಅರ್ಜಿದಾರರನ್ನು ಬಲ್ಲವರು

ಬ್ಯಾಂಕಿನವರು ಕೇಳದೆಯೇ ಮತ್ತೆ ಏರಿಸಿದ್ದರು. ಎರಡು ವರ್ಷದಲ್ಲಿ ಇದು ನಾಲ್ಕನೆಯ ಸಲ. ಒಂದೇ ಕೆನ್ನೆ ಬೋಳಿಸಿಕೊಂಡು ನಿಂತಿದ್ದವನು ಕನ್ನಡಕ ಹಾಕಿಕೊಂಡು ಮೊಬೈಲಿನ ಸಂದೇಶವನ್ನು ಇನ್ನೊಮ್ಮೆ ಓದಿದ. ‘ನಿಮ್ಮ ಮೇಲಿನ ವಿಶ್ವಾಸದಿಂದ’ ಅವನ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಎಂಟು ಲಕ್ಷಕ್ಕೆ ಹೆಚ್ಚಿಸಲಾಗಿತ್ತು. ಸಂದೇಶದಲ್ಲಿ ಒಂದು ಕಾಗುಣಿತದ ತಪ್ಪಿತ್ತು. ಈ ಸಲ ಮನ್ನಿಸಿದ.

ಆ ಕಾರ್ಡಿನಲ್ಲಿ ಅವನು ಕೊಳ್ಳುತ್ತಿದ್ದುದು ತಿಂಗಳಿಗೆ ಎರಡು ಕೆಂಪು ಪೆನ್ನು, ಅಷ್ಟೇ. ಬಳಸದಿದ್ದರೆ ಕಾರ್ಡು ರದ್ದಾಗುತ್ತದೆಂದು ಯಾರೋ ಹೆದರಿಸಿದ್ದರು. ಇಪ್ಪತ್ತಾರು ವರ್ಷದಿಂದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದ ಅವನನ್ನು ಅಲ್ಲಿಯವರು ಬೆನ್ನ ಹಿಂದೆ ‘ಅಲ್ಪವಿರಾಮ’ ಎನ್ನುತ್ತಿದ್ದರು. ಅಂಥವನ ಮೇಲೆ ಎಂಟು ಲಕ್ಷದ ವಿಶ್ವಾಸ. ಸುಳ್ಳೇಕೆ, ಎದೆ ಉಬ್ಬಿತು.

ಹೇಳೋಣವೆಂದು ಹೊರಗೆ ಬಂದರೆ ಮಗಳು ಬಾಡಿಗೆ ಕರಾರನ್ನು ಚೀಲಕ್ಕೆ ತುರುಕುತ್ತಿದ್ದಳು. ಕೆಲಸದ ಜಾಗಕ್ಕೆ ಹತ್ತಿರವೆಂದು ಬೇರೆ ಮನೆ ಹಿಡಿದಿದ್ದಳು. ಜಾಮೀನಿಗೆ ಹಿರಿಯರೊಬ್ಬರ ಸಹಿ ಬೇಕಿತ್ತು.

“ಕೊಡು, ಸಹಿ ಹಾಕ್ತೀನಿ,” ಎಂದ.

“ಆಯ್ತಪ್ಪ. ಮಾವ ಹಾಕ್ಕೊಟ್ರು.”

ಮಾವನೆಂದರೆ ಅವನ ಹೆಂಡತಿಯ ತಮ್ಮ. ಮೂರು ಅಂಗಡಿ ತೆರೆದು ಮೂರಕ್ಕೂ ಬೀಗ ಜಡಿದ ಭೂಪ. ಯಾವ ಬ್ಯಾಂಕೂ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

“ನನ್ನನ್ನ ಕೇಳಬಹುದಿತ್ತಲ್ಲ.”

“ಕೇಳಿದ್ನಲ್ಲ, ಹೋದ ವಾರ.”

ಕೇಳಿದ್ದಳು, ನಿಜ. ಅವನು ಭಾನುವಾರವಿಡೀ ಕೂತು ಕರಾರಿನ ಮೂವತ್ತೊಂದು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿ ಕೊಟ್ಟಿದ್ದ. ಸಹಿ ಹಾಕುವುದು ಮಾತ್ರ ಮರೆತಿತ್ತು. ಮನೆ ಮಾಲೀಕ ಕೆಂಡಾಮಂಡಲವಾಗಿ, ಮನೆಯನ್ನೇ ಕೊಡುವುದಿಲ್ಲ ಎಂದಿದ್ದನಂತೆ.

“ಬ್ಯಾಂಕಿನವರು ನನ್ನ ಮೇಲೆ...”

“ಸಂಜೆ ಸಾಮಾನಿಗೆ ಗಾಡಿ ಬರುತ್ತಪ್ಪ. ನೀವಿಲ್ಲದಿದ್ರೂ ನಡೆಯುತ್ತೆ,” ಎಂದು ಅವಳು ಹೊರಟೇಬಿಟ್ಟಳು.

“ಇನ್ನೊಂದು ಕೆನ್ನೆ ಬೋಳಿಸ್ಕೊಳ್ಳಿ,” ಎಂದಳು ಹೆಂಡತಿ.

ಬೋಳಿಸಿಕೊಂಡ. ಮಗಳು ಮನೆ ಬಿಡುವ ಮೊದಲು, ಈ ಅಪ್ಪನನ್ನೂ ನೆಚ್ಚಬಹುದು ಎಂದು ಅವಳಿಗೆ ಹೇಗಾದರೂ ತೋರಿಸಬೇಕಿತ್ತು. ಪ್ರೆಸ್ಸಿಗೆ ರಜೆ ಹೇಳಿ ನೆಟ್ಟಗೆ ಬ್ಯಾಂಕಿಗೆ ಹೋದ.

“ನನ್ನ ಮೇಲೆ ವಿಶ್ವಾಸ ಇದೆ ಅಂತ ಒಂದು ಕಾಗದ ಕೊಡ್ತೀರಾ? ಸೀಲ್ ಹಾಕಿ,” ಎಂದು ಕೌಂಟರಿನ ಹೆಂಗಸನ್ನು ಕೇಳಿದ.

“ಯಾರಿಗೆ ತೋರಿಸಕ್ಕೆ?”

“ಮನೇಲಿ.”

ಆಕೆ ನಗಲಿಲ್ಲ. “ವಿಶ್ವಾಸ ಗಿಶ್ವಾಸ ಏನಿಲ್ಲ ಸಾರ್. ಕಮ್ಮಿ ಬಳಸೋರಿಗೆ ಕಂಪ್ಯೂಟರೇ ಏರಿಸುತ್ತೆ. ಜಾಸ್ತಿ ಇದ್ರೆ ಒಂದಲ್ಲ ಒಂದಿನ ಬಳಸ್ತಾರೆ ಅಂತ.”

“ಬಳಸದಿದ್ರೆ?”

“ಇನ್ನೂ ಏರಿಸುತ್ತೆ.”

ಅವನು ಕಾರ್ಡನ್ನು ತೆಗೆದು ಕೌಂಟರಿನ ಮೇಲಿಟ್ಟ. “ಹಾಗಾದ್ರೆ ಇಳಿಸಿಬಿಡಿ. ಎರಡು ಪೆನ್ನಿಗೆ ಸಾಕಾಗೋಷ್ಟು.”

ಏರಿಸುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಕಿರಲಿಲ್ಲ. ಇಳಿಸುವುದಕ್ಕೆ ಅರ್ಜಿ ಬೇಕಿತ್ತು. ಅದರ ಕೊನೆಯ ಸಾಲು: ಅರ್ಜಿದಾರರನ್ನು ಬಲ್ಲವರು. ಅವನು ತುಸು ತಡೆದು ಮಗಳ ಹೆಸರು, ನಂಬರು ಬರೆದ. ಅಕ್ಷರ ದುಂಡಗೆ ಬಂತು.

ಆಕೆ ಅಲ್ಲೇ ಸ್ಪೀಕರ್ ಹಾಕಿ ಫೋನು ಮಾಡಿದಳು. ಬ್ಯಾಂಕಿನಿಂದ ಎಂದು ಹೇಳಿ, ಅವನ ಹೆಸರು ಓದಿ, “ಇವರು ನಿಮಗೆ ಗೊತ್ತಾ ಮೇಡಂ?” ಎಂದಳು.

ಅತ್ತ ಯಾವುದೋ ಡಬ್ಬ ಎಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

“ಇಲ್ಲ, ಗೊತ್ತಿಲ್ಲ,” ಎಂದು ಮಗಳು ಫೋನಿಟ್ಟಳು.

ಬ್ಯಾಂಕಿನ ಹೆಸರು ಹೇಳಿ ಯಾರು ಏನು ಕೇಳಿದರೂ ಗೊತ್ತಿಲ್ಲ ಎನ್ನಬೇಕೆಂದು ಅವಳಿಗೆ ಪಾಠ ಹೇಳಿದವನು ಅವನೇ. ಅದಕ್ಕೇ ಹಾಗಂದಳು. ಅದಕ್ಕೇ ಇರಬೇಕು. ಆದರೆ ಅಷ್ಟು ಹೊತ್ತು ಯಾಕೆ ಯೋಚಿಸಿದಳು?

“ಇದನ್ನ ಹೊಡೆದುಹಾಕಿ ಬೇರೆಯವರ ಹೆಸರು ಬರೀರಿ,” ಎಂದು ಆಕೆ ಅರ್ಜಿಯನ್ನು ಅವನತ್ತ ತಳ್ಳಿದಳು.

ಹೊಡೆದುಹಾಕಿದ. ಬೇರೆ ಹೆಸರು ಹೊಳೆಯಲಿಲ್ಲ. ಹಿಂದೆ ಸಾಲಿನಲ್ಲಿದ್ದ ಯಾರೋ ಕೆಮ್ಮಿದರು. ಅವನ ಕೈ ತನ್ನಷ್ಟಕ್ಕೆ ತಾನೇ ಮಗಳ ಹೆಸರಿನ ಕೆಳಗೆ ಒಂದೊಂದೇ ಚುಕ್ಕಿ ಇಡತೊಡಗಿತು. ಹೊಡೆದದ್ದು ತಪ್ಪಾಯಿತು, ಇದ್ದದ್ದು ಹಾಗೇ ಇರಲಿ ಎಂಬುದಕ್ಕೆ ಪ್ರೂಫ್ ತಿದ್ದುವವರು ಹಾಕುವ ಗುರುತು ಅದು.

“ಏನ್ ಸಾರ್ ಇದು, ಚುಕ್ಕಿ?”

ಹೆಸರು ಮುಗಿದಿತ್ತು. ಖಾಲಿ ಗೆರೆಯುದ್ದಕ್ಕೂ ಅವನು ಇನ್ನೂ ಚುಕ್ಕಿ ಇಡುತ್ತಲೇ ಇದ್ದ.