ಹನ್ನೊಂದು ಚೀಲದ ವ್ಯತ್ಯಾಸ

ಲೆಕ್ಕದ ನೋಟುಬುಕ್ಕಿನಲ್ಲಿ ಬೆವರಿನ ಹನಿ ಬಿದ್ದು ಏಳರ ಅಂಕಿ ಹಿಗ್ಗುತ್ತಿದೆ, ಒಂದೋ ಒಂಬತ್ತೋ ಗೊತ್ತಾಗದ ಹಾಗೆ, ಒರೆಸಬಾರದು, ಒರೆಸಿದರೆ ಪೂರ್ತಿ ಹೋಗುತ್ತದೆ — ಇನ್ನು ಒಂಬತ್ತೇ ದಿನ, ಲಿಂಗಸುಗೂರಿನಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆ, ಪಾಸಾದರೆ ಅಂಕಿಅಂಶದ ಗುಮಾಸ್ತನ ಹುದ್ದೆ, ಮಸ್ಕಿಯ ಶಾಲೆಯಲ್ಲಿ ಮಗ್ಗಿ ಒದರುವುದು ತಪ್ಪುತ್ತದೆ, ಅದಕ್ಕೇ ಬೇಸಿಗೆ ರಜೆಯನ್ನೆಲ್ಲ ವಳಕಮದಿನ್ನಿಯಲ್ಲಿ, ಅಕ್ಕ ತಿಮ್ಮವ್ವನ ಪಡಸಾಲೆಯಲ್ಲಿ ಕಳೆಯುತ್ತಿದ್ದೇನೆ, ಓದೋ ಹುಡುಗಗ ತಂಪಿರಬೇಕು ಅಂತ ದಿನಾ ನೆಲಕ್ಕೆ ನೀರು ಚಿಮುಕಿಸುತ್ತಾಳೆ, ಮೂವತ್ತೊಂದರ ಹುಡುಗ, ಅವಳ ಕೈಯ ಮಜ್ಜಿಗೆ ಕುಡಿದು ಅವಳ ಮನೆಯನ್ನೇ ಒಡೆಯುತ್ತಿರುವ ಹುಡುಗ. ಅಡುಗೆಮನೆಯಲ್ಲಿ ಅಕ್ಕನದು ಮತ್ತೆ ಶುರುವಾಯಿತು. ಹನ್ನೊಂದು ಚೀಲ ಎಲ್ಲಿ ಹೋದವು ಹೇಳು, ನನ್ನ ತಮ್ಮ ಅಳದು ಬರದಾನ, ಎಕರೆಕ ಇಪ್ಪತ್ತಾರು ಚೀಲ, ಚಾವಡ್ಯಾಗ ಎಲ್ಲಾರ ಮುಂದ ಓದ್ಯಾರ, ಕಣದಿಂದ ಮನಿಗೆ ಹದಿನೈದ ಬಂದಾವ, ಉಳಿದದ್ದು ಯಾರಿಗೆ ಹಾಕಿದಿ, ಮಸ್ಕ್ಯಾಗಿನ ಅಕಿಗೇನು — ಯಾವ ಅಕಿ, ಅಂಥವಳು ಯಾರೂ ಇಲ್ಲ, ಅವಳ ಗಂಡ ತಾಯಪ್ಪ ಮಾವನಿಗೆ ಮಸ್ಕಿಯಲ್ಲಿ ಗೊತ್ತಿರುವುದು ದನದ ಸಂತೆಯೊಂದೇ. ಬೆಳದದ್ದ ಅಷ್ಟು ಬೇ, ಇದ್ದದ್ದು ಇದ್ದಂಗ ತಂದೀನಿ, ಅನ್ನುತ್ತಿದ್ದಾನೆ. ಹಂಗಾರ ನನ್ನ ತಮ್ಮ ಸುಳ್ಳ ಬರದಾನೇನು? ಅಲ್ಲಿಗೆ ಮಾವನ ಬಾಯಿ ಕಟ್ಟುತ್ತದೆ, ದಿನಾ ಅಲ್ಲಿಗೇ ಕಟ್ಟುತ್ತದೆ.

ಸುಳ್ಳೇ ಬರೆದಿದ್ದಾನೆ, ಅಕ್ಕಾ. ಈ ಪುಸ್ತಕದ್ದೇ ಪುಟ ನೂರಾ ನಾಲ್ಕು, ಚೀಟಿ ಎತ್ತಿದಂತೆ ಬಂದ ಜಾಗ ಎಂಥದೇ ಇರಲಿ ಅದನ್ನು ಬದಲಿಸಕೂಡದು, ಕೆಳಗೆ ಗೆರೆ ಎಳೆದವನೂ ನಾನೇ, ನಾಚಿಕೆಯಿಲ್ಲದವನು. ಬೆಳೆ ಕಟಾವಿನ ಪ್ರಯೋಗಕ್ಕೆ ಹೋದ ಸುಗ್ಗಿಯಲ್ಲಿ ಮಾಸ್ತರುಗಳನ್ನೂ ಹಚ್ಚಿದ್ದರು, ಊರಿಗೊಂದು ಹೊಲ, ಹೊಲದಲ್ಲೊಂದು ಚೌಕ, ಅದಿಷ್ಟನ್ನೇ ಕೊಯ್ದು ಬಡಿದು ತೂಗಿ ಎಕರೆಯ ಲೆಕ್ಕ ಕಟ್ಟುವುದು, ಅಂಕಿ ಬಿದ್ದದ್ದು ಮಾವನ ಒಂದೆಕರೆ ಭತ್ತದ ಮೇಲೆ, ಉದ್ದಕ್ಕೆ ಇಷ್ಟು ಹೆಜ್ಜೆ ಅಡ್ಡಕ್ಕೆ ಇಷ್ಟು ಹೆಜ್ಜೆ ನಡೆದು ನಿಂತರೆ ಕಾಲ ಬುಡದಲ್ಲಿ ಪಾಂಡವರು, ಎಳ್ಳಮವಾಸ್ಯೆಗೆ ಅಕ್ಕನೇ ಸುಣ್ಣ ಹಚ್ಚಿ ಕೂರಿಸಿ ಪೂಜೆ ಮಾಡಿದ ಐದು ಕಲ್ಲು, ಹೊಲಕ್ಕೆ ಚರಗದ ಎಡೆ ಚೆಲ್ಲಿ ಮೂರು ದಿನವೂ ಆಗಿರಲಿಲ್ಲ, ತಮ್ಮಾ ಪಾಂಡವರ ಮ್ಯಾಲೆ ಹಗ್ಗ ಹಾಯಿಸಬ್ಯಾಡಪಾ, ಅತ್ಲಾಗ ಸರಸು. ಸರಿಸಿದೆ. ಕಲ್ಲುಗಳ ಸುತ್ತ ಉಪ್ಪೇರಿದ ಸವುಳು ನೆಲ, ಕಾಲುವೆ ಬಂದು ಹತ್ತು ವರ್ಷವಾಗಲಿಲ್ಲ ಆಗಲೇ ಬಿಳಿ ಪೊರೆ ಎದ್ದಿದೆ, ತೆನೆಯೆಲ್ಲ ಜೊಳ್ಳು, ಅತ್ತ ನೀರು ಮೊದಲು ಬೀಳುವ ಮೂಲೆಯಲ್ಲಿ ಭತ್ತ ಸೊಂಟದೆತ್ತರ. ನನಗೆ ಕಾಣಲಿಲ್ಲವೇ, ಕಂಡಿತು. ಕಲ್ಲು ತಪ್ಪಿಸಲು ನಾಲ್ಕು ಹೆಜ್ಜೆ ಸಾಕಿತ್ತು, ನಲವತ್ತು ಹೆಜ್ಜೆ ನಡೆದೆ, ಒಳ್ಳೆಯ ಅಂಕಿ ಬಂದರೆ ಮೇಲಿನವರ ಕಣ್ಣಿಗೆ ಬೀಳುತ್ತೇನೆ ಅಂತ, ದೇವರ ಹೆಸರು ಹೇಳಿಕೊಂಡು ನಡೆದೆ. ಹಗ್ಗದ ಆ ತುದಿ ಹಿಡಿದವನು ಮಾವನೇ, ಇಷ್ಟು ದೂರ ಯಾಕಲೇ ಮಾಸ್ತರಾ ಅಂದ, ಶಾಸ್ತ್ರ ಹಂಗೈತಿ ಮಾವಾ ಅಂದೆ.

ಈಗ ಎದ್ದು ಹೋಗಿ ಹೇಳಬಹುದು, ಅಡುಗೆಮನೆ ಎಷ್ಟು ದೂರ, ಹೇಳಿದರೆ ಅಕ್ಕ ಸುಮ್ಮನಿರುತ್ತಾಳೆಯೇ, ಗಂಡ ಕಳ್ಳನಲ್ಲ ಅಂತ ಓಣಿಗೆಲ್ಲ ಹೇಳುತ್ತಾಳೆ, ಹೇಳಲೇಬೇಕು ಪಾಪ, ಓಣಿಯಿಂದ ಚಾವಡಿ, ಚಾವಡಿಯಿಂದ ಕಚೇರಿ, ಆಮೇಲೆ ಎಲ್ಲಿಯ ಪರೀಕ್ಷೆ, ಎಲ್ಲಿಯ ಹುದ್ದೆ, ಒಂಬತ್ತು ದಿನ ತಡೆದುಕೊಳ್ಳಲಿ, ಪರೀಕ್ಷೆಯೊಂದು ಮುಗಿಯಲಿ, ಫಲಿತಾಂಶವೊಂದು ಬರಲಿ — ಥೂ ನಿನ್ನ. ಒಳಗೆ ಮಾತು ನಿಂತಿದೆ. ಮಾವ ಹೊರಗೆ ಬಂದ, ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತ, ಓದಾಕತ್ತೀಯೇನು, ಹೂಂ ಮಾವಾ, ಓದು ಓದು, ನಾ ಒಪ್ಪಿಕೊಂಡೆ ನೋಡು. ಏನು ಒಪ್ಪಿಕೊಂಡಿ? ಹನ್ನೊಂದು ಚೀಲನೂ ಮಾರೀನಿ, ಇಸ್ಪೀಟನ್ಯಾಗ ಕಳದೀನಿ ಅಂದೆ, ಆ ಮಸ್ಕಿ ಹೆಂಗಸಿನ ಮಾತರ ನಿಲ್ಲಲಿ ಅಂತ. ಜನ್ಮದಲ್ಲಿ ಇಸ್ಪೀಟಿನ ಎಲೆ ಮುಟ್ಟಿದವನಲ್ಲ. ಯಾಕ ಮಾವಾ, ಅಂದೆ. ಮತ್ತ ನೀ ಸುಳ್ಳ ಬರದಿ ಅನ್ನಲೇನು, ನಿನ್ನ ಪರೀಕ್ಷಾ ಐತಿ. ಗೊತ್ತಿತ್ತು ಅವನಿಗೆ, ಹಗ್ಗ ಹಿಡಿದ ದಿನದಿಂದ ಗೊತ್ತಿತ್ತು. ಈಗಲಾದರೂ ಹೇಳಬೇಕಿತ್ತು, ಪುಟ ತಿರುವಿದೆ, ಎದೆ ಹಗುರಾಯಿತು, ಹೌದು, ಹಗುರಾಯಿತು, ಇಂಥ ನಾಯಿ ನಾನು. ಅಕ್ಕ ಬಂದಳು, ಕಣ್ಣು ಕೆಂಪು, ನನ್ನ ಮುಂದೆ ತಟ್ಟೆ ಇಟ್ಟಳು, ತುಪ್ಪ ಹಾಕೀನಿ, ಉಣ್ಣು ತಮ್ಮಾ, ತಲಿ ಸವಿಸೋ ಕೆಲಸ. ಮಾವ ತಾನಾಗಿಯೇ ಎದ್ದು ಅಂಗಳಕ್ಕಿಳಿದ. ಅವಳು ಅವನಿಗೆ ತಟ್ಟೆ ತರಲಿಲ್ಲ, ಮೆಟ್ಟಿಲ ಮೇಲೆ ನಿಂತು ಮುಖ ತಿರುಗಿಸಿ ಒಂದು ರೊಟ್ಟಿಯನ್ನು ಮೇಲಿನಿಂದ ಬಿಟ್ಟಳು, ಅವನು ಎರಡೂ ಕೈ ಚಾಚಿದ — ಪುಸ್ತಕಕ್ಕೆ ಬಗ್ಗಿದೆ, ಎರಡನೆಯ ಲೆಕ್ಕ, ಆರು ಹೊಲಗಳ ಇಳುವರಿ ಕೊಟ್ಟಿದೆ, ಚಾಚಿದ ಎರಡೂ ಕೈ, ಸರಾಸರಿ ಕಂಡುಹಿಡಿಯಿರಿ, ಮೊದಲು ಆರನ್ನೂ ಕೂಡಿಸಬೇಕು, ಬಿಸಿಲಲ್ಲಿ ಚಾಚಿದ ಎರಡೂ ಕೈ, ಕೂಡಿಸಬೇಕು, ಎರಡೂ ಕೈ,